ಕಸದ ತೊಟ್ಟಿಯ ಮುಂದೆ: ವೇಷವೋ, ಸ್ವಭಾವವೋ?

‘ಕಾಲಕ್ಕೆ ತಕ್ಕ ಕೋಲ, ದೇಶಕ್ಕೆ ತಕ್ಕ ವೇಷ’ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಬೇರೆ ನಾಡಿಗೆ ಹೋದವನು ಆ ನಾಡಿನ ರೀತಿನೀತಿಗಳಿಗೆ ಹೊಂದಿಕೊಳ್ಳಬೇಕು ಎಂಬುದು ಅದರ ತಿಳಿವಳಿಕೆ. ಆದರೆ ಆ ಗಾದೆಯಲ್ಲಿರುವ ‘ವೇಷ’ ಎಂಬ ಪದದ ಮುಂದೆ ಕೊಂಚ ನಿಂತು ಯೋಚಿಸಬೇಕು. ವೇಷವೆಂದರೆ ಹಾಕಿಕೊಳ್ಳುವಂಥದ್ದು, ಹಾಗೆಯೇ ಕಳಚಿ ಇಡುವಂಥದ್ದು. ಯಕ್ಷಗಾನದ ರಾಜವೇಷಧಾರಿ ಬೆಳಗಾಗುತ್ತಲೇ ಕಿರೀಟ ತೆಗೆದಿಟ್ಟು, ಬಣ್ಣ ತೊಳೆದು, ಸಾಮಾನ್ಯ ಗೃಹಸ್ಥನಾಗಿ ಮನೆಗೆ ಮರಳುತ್ತಾನೆ. ಹಾಗಾದರೆ ಪರದೇಶದಲ್ಲಿ ಮನುಷ್ಯನು ಕಲಿಯುವ ಒಳ್ಳೆಯ ನಡತೆ ಅವನ ವೇಷವೋ, ಸ್ವಭಾವವೋ? ಈ ಪ್ರಶ್ನೆಯನ್ನು ಈ ತಿಂಗಳು ಅತಿ ಸಾಮಾನ್ಯವಾದ, ಅನೇಕರು ಮುಟ್ಟಲೂ ಹೇಸುವ ಒಂದು ವಸ್ತುವಿನ ಮೂಲಕ ನಿಮ್ಮ ಮುಂದಿಡಬಯಸುತ್ತೇನೆ. ಅದು ಮನೆಯ ಕಸ.

ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳ ಮಕ್ಕಳು ಇಂದು ಹೊರನಾಡುಗಳಲ್ಲಿದ್ದಾರೆ. ಜರ್ಮನಿಯನ್ನೇ ತೆಗೆದುಕೊಳ್ಳಿ. 1960ರ ದಶಕದಲ್ಲಿಯೇ ಕೇರಳದ ಯುವತಿಯರು ಕಥೋಲಿಕ ಸಂಸ್ಥೆಗಳ ಮೂಲಕ ಅಲ್ಲಿಗೆ ದಾದಿಯರಾಗಿ ತೆರಳಿದ್ದರು. 2024ರಲ್ಲಿ ಆ ದೇಶದ ಸರ್ಕಾರವು ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ನೀಡುವ ವೀಸಾಗಳ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಆದುದರಿಂದ ಈ ಮಾತು ನಿಮಗೆ ದೂರದ್ದಲ್ಲ. ನಾಳೆ ನಿಮ್ಮ ಮಗಳೋ ಸೋದರಳಿಯನೋ ಅಲ್ಲಿನ ಒಂದು ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಕೈಯಲ್ಲಿ ಖಾಲಿ ಮೊಸರಿನ ಡಬ್ಬಿ ಹಿಡಿದು, ಇದನ್ನು ಎಲ್ಲಿ ಹಾಕಲಿ ಎಂದು ತೋಚದೆ ನಿಲ್ಲಬಹುದು.

ಬಣ್ಣಬಣ್ಣದ ತೊಟ್ಟಿಗಳ ಪಾಠ

ಆ ಡಬ್ಬಿಯ ಕಥೆ ನಾವೆಣಿಸಿದಷ್ಟು ಸರಳವಲ್ಲ. ಜರ್ಮನಿಯ ಬಹುತೇಕ ಮನೆಗಳಲ್ಲಿ ಕಸಕ್ಕೆ ಕನಿಷ್ಠ ನಾಲ್ಕು ದಾರಿಗಳಿವೆ. ಕಾಗದ ಮತ್ತು ರಟ್ಟಿಗೆ ಒಂದು ತೊಟ್ಟಿ, ಸಾಮಾನ್ಯವಾಗಿ ನೀಲಿ ಬಣ್ಣದ್ದು. ತರಕಾರಿ ಸಿಪ್ಪೆ, ಚಹದ ಸೊಪ್ಪು, ಕಾಫಿ ಗಸಿ ಮೊದಲಾದವುಗಳಿಗೆ ಇನ್ನೊಂದು. ಪ್ಲಾಸ್ಟಿಕ್ ಮತ್ತು ಲೋಹದ ಪೊಟ್ಟಣ, ಡಬ್ಬಿಗಳಿಗೆ ಹಳದಿ ತೊಟ್ಟಿ ಅಥವಾ ಹಳದಿ ಚೀಲ. ಇವು ಯಾವುದಕ್ಕೂ ಸೇರದ ಉಳಿಕೆ ಕಸಕ್ಕೆ ಬೂದು ಅಥವಾ ಕಪ್ಪು ತೊಟ್ಟಿ. ಗಾಜಿನ ಬಾಟಲಿಗಳನ್ನು ಬೀದಿಯ ಮೂಲೆಯಲ್ಲಿರುವ ದೊಡ್ಡ ಪೆಟ್ಟಿಗೆಗಳಿಗೆ ಒಯ್ಯಬೇಕು. ಅಲ್ಲಿಯೂ ಬಿಳಿ, ಕಂದು, ಹಸಿರು ಎಂದು ಬಣ್ಣಕ್ಕೊಂದು ಕಿಂಡಿ. ನೀಲಿ ಬಾಟಲಿ ಹಸಿರಿನ ಕಿಂಡಿಗೆ ಹೋಗಬೇಕು. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಅಲ್ಲಿ ಬಾಟಲಿ ಹಾಕುವಂತಿಲ್ಲ, ಏಕೆಂದರೆ ಗಾಜು ಒಡೆಯುವ ಸದ್ದು ನೆರೆಯವರ ವಿಶ್ರಾಂತಿಯನ್ನು ಕೆಡಿಸುತ್ತದೆ.

ಇದರಲ್ಲಿ ಮತ್ತಷ್ಟು ಸೂಕ್ಷ್ಮಗಳಿವೆ. ಒಡೆದ ನೀರಿನ ಲೋಟವೂ ಗಾಜೇ, ಆದರೆ ಅದು ಬಾಟಲಿಯ ಪೆಟ್ಟಿಗೆಗೆ ಸಲ್ಲದು, ಉಳಿಕೆ ಕಸಕ್ಕೆ ಸೇರಬೇಕು. ಅಂಗಡಿಯ ರಸೀದಿ ನೋಡಲು ಕಾಗದವಾದರೂ ಅದರ ಲೇಪದ ಕಾರಣ ಕಾಗದದ ತೊಟ್ಟಿಗೆ ಹಾಕಬಾರದು. ಬೇಯಿಸಿದ ಅನ್ನ ಮತ್ತು ಮೀನಿನ ಮುಳ್ಳು ಯಾವ ತೊಟ್ಟಿಗೆ ಎಂಬುದು ಊರಿಂದೂರಿಗೆ ಬೇರೆ. ಒಂದು ನಗರದಲ್ಲಿ ಎಲ್ಲವನ್ನೂ ಕಲಿತು ಮ್ಯೂನಿಕ್‌ಗೆ ವರ್ಗವಾದವನು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತಿತ್ತು, ಏಕೆಂದರೆ ಅಲ್ಲಿ ದೀರ್ಘಕಾಲ ಮನೆ ಬಾಗಿಲಲ್ಲಿ ಹಳದಿ ತೊಟ್ಟಿಯ ವ್ಯವಸ್ಥೆಯೇ ಇರಲಿಲ್ಲ. ಇನ್ನು ಪಾನೀಯದ ಪ್ಲಾಸ್ಟಿಕ್ ಬಾಟಲಿ ಮತ್ತು ಡಬ್ಬಿಗಳ ಮೇಲೆ 2003ರಿಂದ ಠೇವಣಿ ಇದೆ. 25 ಸೆಂಟ್ ಹೆಚ್ಚಿಗೆ ಕೊಟ್ಟು ಕೊಳ್ಳಬೇಕು, ಖಾಲಿಯಾದ ಮೇಲೆ ಅಂಗಡಿಯ ಯಂತ್ರಕ್ಕೆ ಹಿಂತಿರುಗಿಸಿ ಆ ಹಣವನ್ನು ಮರಳಿ ಪಡೆಯಬೇಕು. ಬೀದಿಯ ಕಸದ ಡಬ್ಬಿಗಳ ಒಳಗಲ್ಲ, ಪಕ್ಕದಲ್ಲಿ, ಜನರು ಇಂಥ ಬಾಟಲಿಗಳನ್ನು ನಿಲ್ಲಿಸಿ ಹೋಗುವುದುಂಟು. ಆಯ್ದು ಬದುಕುವ ಬಡವನು ಕಸದೊಳಗೆ ಕೈ ಹಾಕದಿರಲಿ ಎಂಬುದು ಅದರ ಹಿಂದಿನ ಕಾಳಜಿ.

ಇಷ್ಟೆಲ್ಲ ಹೇಳಿದ್ದು ಆ ದೇಶವನ್ನು ಹೊಗಳುವುದಕ್ಕಲ್ಲ. ಹೊಸಬನ ಮುಂದಿರುವ ಪಾಠ ಎಷ್ಟು ಉದ್ದವಾದದ್ದು ಎಂದು ನೀವು ತಿಳಿಯಬೇಕೆಂಬುದೇ ನನ್ನ ಉದ್ದೇಶ. ರಾತ್ರಿ ಪಾಳಿ ಮುಗಿಸಿ ಬಂದ ದಾದಿಗೆ, ಇನ್ನೂ ಭಾಷೆ ಬಾರದ ನಿರಾಶ್ರಿತನಿಗೆ, ಈ ಪಾಠ ಅವರ ಬದುಕಿನ ಕೊನೆಯ ಚಿಂತೆಯಾಗಿರುತ್ತದೆ. ಆದರೂ ನೆರೆಹೊರೆಯು ಅವರನ್ನು ಮೊದಲು ಅಳೆಯುವುದು ಇದರಿಂದಲೇ.

ಭಯದಿಂದ ಆರಂಭವಾಗುವ ಶಿಸ್ತು

ಹೊಸಬನು ಈ ಪಾಠವನ್ನು ಏಕೆ ಕಲಿಯುತ್ತಾನೆ? ಪ್ರಾಮಾಣಿಕವಾಗಿ ಹೇಳುವುದಾದರೆ, ಮೊದಲಿಗೆ ಭಯದಿಂದ. ತಪ್ಪಾಗಿ ತುಂಬಿದ ತೊಟ್ಟಿಯನ್ನು ನಗರದ ಕೆಲಸಗಾರರು ಖಾಲಿ ಮಾಡದೆ, ಅದರ ಮೇಲೊಂದು ಚೀಟಿ ಅಂಟಿಸಿ ಹೋಗುತ್ತಾರೆ. ಅದನ್ನು ಮತ್ತೆ ತೆಗೆಸಲು ತೆರಬೇಕಾದ ಹೆಚ್ಚಿನ ಹಣ ಆ ಕಟ್ಟಡದ ಎಲ್ಲ ಮನೆಗಳ ಮೇಲೂ ಬೀಳಬಹುದು. ನೆರೆಯವರ ನೋಟ ಚುರುಕಾಗುತ್ತದೆ. ಸ್ಟುಟ್‌ಗಾರ್ಟ್ ಇರುವ ಸ್ವಾಬಿಯಾ ಪ್ರದೇಶದಲ್ಲಿ ಮೆಟ್ಟಿಲು, ಅಂಗಳಗಳನ್ನು ಮನೆಗಳವರು ವಾರಕ್ಕೊಬ್ಬರಂತೆ ಸರದಿಯಲ್ಲಿ ಗುಡಿಸುವ ಹಳೆಯ ಪದ್ಧತಿಯಿದೆ. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಪುಟ್ಟ ಫಲಕ ನೇತಾಡುತ್ತದೆ. ಆ ಫಲಕ ಬಾಗಿಲಲ್ಲಿರುವಾಗ ಅಲಸ್ಯಕ್ಕೆ ಎಡೆಯಿಲ್ಲ.

ಹೀಗೆ ಭಯದಿಂದ, ನಾಚಿಕೆಯಿಂದ, ದಂಡದ ಲೆಕ್ಕಾಚಾರದಿಂದ ಮಾಡಿದ ಕಾರ್ಯಕ್ಕೆ ನೈತಿಕ ಬೆಲೆ ಉಂಟೇ? ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ತನ್ನ ನೀತಿಮೀಮಾಂಸೆಯ ಗ್ರಂಥದಲ್ಲಿ ಒಬ್ಬ ಅಂಗಡಿಕಾರನ ಉದಾಹರಣೆ ಕೊಡುತ್ತಾನೆ. ಆ ಅಂಗಡಿಕಾರ ಮಗುವೇ ಬರಲಿ, ದೊಡ್ಡವರೇ ಬರಲಿ, ಒಂದೇ ಬೆಲೆಗೆ ಮಾರುತ್ತಾನೆ, ಯಾರಿಗೂ ಮೋಸ ಮಾಡುವುದಿಲ್ಲ. ಆದರೆ ವ್ಯಾಪಾರ ಕೆಡಬಾರದೆಂಬ ಸ್ವಾರ್ಥ ಮಾತ್ರ ಅದಕ್ಕೆ ಕಾರಣವಾದರೆ, ಅವನ ನಡತೆ ಕರ್ತವ್ಯಕ್ಕೆ ಅನುಗುಣವಾಗಿದೆಯೇ ಹೊರತು ಕರ್ತವ್ಯಪ್ರಜ್ಞೆಯಿಂದ ಹುಟ್ಟಿದ್ದಲ್ಲ ಎಂಬುದು ಕಾಂಟ್‌ನ ವಾದ. ಈ ಮಾನದಂಡದಿಂದ ಅಳೆದರೆ, ನೆರೆಯವಳ ಕಿಟಕಿಗೆ ಅಂಜಿ ಕಸ ವಿಂಗಡಿಸುವವನಿಗೆ ನೈತಿಕವಾಗಿ ಅಂಕ ಸಿಗಲಾರದು.

ಈ ವಿಷಯದಲ್ಲಿ ನನ್ನ ಮನಸ್ಸು ಸಂತ ತೋಮಾಸ್ ಅಕ್ವಿನಾಸರ ಕಡೆಗೆ ಹೆಚ್ಚು ವಾಲುತ್ತದೆ. ಕಾನೂನಿನ ಪ್ರಯೋಜನವೇನು ಎಂಬುದನ್ನು ವಿಚಾರ ಮಾಡುತ್ತ ಅವರು ಮನುಷ್ಯಸ್ವಭಾವದ ಒಂದು ಸತ್ಯವನ್ನು ಗುರುತಿಸುತ್ತಾರೆ. ಮೊದಲು ಭಯದಿಂದ ಮಾಡಿದ್ದನ್ನು ಮನುಷ್ಯನು ರೂಢಿಯಾದಂತೆ ಮನಸಾರೆ ಮಾಡತೊಡಗುತ್ತಾನೆ, ಹಾಗೆ ಕ್ರಮೇಣ ಸದ್ಗುಣಿಯಾಗುತ್ತಾನೆ ಎಂಬುದು ಅವರ ತಿಳಿವು. ಅವರಿಗಿಂತ ಬಹುಕಾಲ ಮುಂಚೆ ಅರಿಸ್ಟಾಟಲನೂ, ಕಟ್ಟಿ ಕಟ್ಟಿಯೇ ಒಬ್ಬನು ಮನೆ ಕಟ್ಟುವವನಾಗುವಂತೆ, ನ್ಯಾಯದ ಕೆಲಸಗಳನ್ನು ಮಾಡಿ ಮಾಡಿಯೇ ನ್ಯಾಯವಂತನಾಗುತ್ತಾನೆ ಎಂದು ಬೋಧಿಸಿದ್ದ. ನಿಮ್ಮ ಮಕ್ಕಳನ್ನೇ ನೆನೆಯಿರಿ. ಊಟಕ್ಕೆ ಮುಂಚೆ ಕೈ ತೊಳೆಯುವುದನ್ನು ಅವರು ಕಲಿತದ್ದು ಆರೋಗ್ಯಶಾಸ್ತ್ರ ಓದಿಯಲ್ಲ, ತಾಯಿಯ ಕಣ್ಣಿಗೆ ಅಂಜಿ. ಆ ಅಂಜಿಕೆ ಎಂದೋ ಮಾಯವಾಯಿತು, ಅಭ್ಯಾಸ ಉಳಿಯಿತು. ಆದುದರಿಂದ ಭಯದಿಂದ ಆರಂಭವಾಯಿತೆಂಬ ಕಾರಣಕ್ಕೆ ಯಾವ ಶಿಸ್ತನ್ನೂ ಹೀನವೆನ್ನಲಾಗದು. ಅದು ಭಯದಲ್ಲೇ ನಿಂತಿತೇ, ಮುಂದಕ್ಕೆ ನಡೆಯಿತೇ ಎಂಬುದೇ ಪ್ರಶ್ನೆ.

ಮೋನಿಕಾ ತಾಯಿಯ ಬುಟ್ಟಿ

ಮುಂದಕ್ಕೆ ನಡೆಯುವ ಬಗೆ ಹೇಗೆ? ಇಲ್ಲಿ ನನಗೆ ನಾಲ್ಕನೆಯ ಶತಮಾನದ ಒಬ್ಬ ವಲಸಿಗ ತಾಯಿ ನೆನಪಾಗುತ್ತಾಳೆ. ಸಂತ ಮೋನಿಕಾ ಆಫ್ರಿಕಾದ ತಗಾಸ್ತೆಯವಳು. ಆ ಊರು ಇಂದಿನ ಅಲ್ಜೀರಿಯಾದಲ್ಲಿದೆ. ಮಗ ಅಗಸ್ಟೀನನನ್ನು ಅರಸುತ್ತ ಆಕೆ ಕಡಲು ದಾಟಿ ಇಟಲಿಯ ಮಿಲಾನ್ ಸೇರಿದಳು. ತನ್ನ ನಾಡಿನ ರೂಢಿಯಂತೆ ರಕ್ತಸಾಕ್ಷಿಗಳ ಸಮಾಧಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸವನ್ನು ಬುಟ್ಟಿಯಲ್ಲಿ ಒಯ್ಯುತ್ತಿದ್ದಳು. ಮಿಲಾನಿನಲ್ಲಿ ಬಾಗಿಲು ಕಾಯುವವನು ಆಕೆಯನ್ನು ತಡೆದ. ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರು ಆ ಪದ್ಧತಿಯನ್ನು ನಿಷೇಧಿಸಿದ್ದರು, ಏಕೆಂದರೆ ಅದು ಕುಡಿತಕ್ಕೆ ನೆಪವಾಗುತ್ತಿತ್ತು. ಊರಿನಲ್ಲಿ ಭಕ್ತಿಯೆನಿಸಿದ್ದು ಇಲ್ಲಿ ತಪ್ಪೆನಿಸಿತು. ಪರಸ್ಥಳದಲ್ಲಿ ಇಂಥ ಮಾತು ಕೇಳಿದಾಗ ಆಗುವ ನೋವು ಅನುಭವಿಸಿದವರಿಗೇ ಗೊತ್ತು.

ಮೋನಿಕಾ ಗೊಣಗಲಿಲ್ಲ. ನಿಷೇಧದ ಮೇಲೆ ಸಿಟ್ಟಾಗುವ ಬದಲು ತನ್ನ ರೂಢಿಯನ್ನೇ ಪರಿಶೀಲಿಸಿಕೊಂಡಳು. ಬುಟ್ಟಿಯ ಬದಲು ಪ್ರಾರ್ಥನೆ ತುಂಬಿದ ಹೃದಯವನ್ನು ಒಯ್ದಳು, ಕೈಲಾದುದನ್ನು ಬಡವರಿಗೆ ಕೊಟ್ಟಳು. ಇದನ್ನೆಲ್ಲ ಅಗಸ್ಟೀನರು ತಮ್ಮ ‘ಕನ್‌ಫೆಷನ್ಸ್’ ಗ್ರಂಥದ ಆರನೆಯ ಭಾಗದಲ್ಲಿ ನಿರೂಪಿಸಿದ್ದಾರೆ. ಶನಿವಾರದ ಉಪವಾಸದ ವಿಷಯದಲ್ಲಿಯೂ ಹೀಗೆಯೇ ಆಯಿತು. ರೋಮಿನಲ್ಲಿ ಆ ದಿನ ಉಪವಾಸ, ಮಿಲಾನಿನಲ್ಲಿ ಇಲ್ಲ. ಏನು ಮಾಡಬೇಕೆಂದು ಆಕೆ ಕಳವಳಪಟ್ಟಾಗ ಅಗಸ್ಟೀನರು ಅಂಬ್ರೋಸರನ್ನು ಕೇಳಿದರು. ರೋಮಿಗೆ ಹೋದಾಗ ತಾವೂ ಉಪವಾಸವಿರುತ್ತೇವೆ, ಮಿಲಾನಿನಲ್ಲಿರುವಾಗ ಇರುವುದಿಲ್ಲ, ನೀವೂ ಹೋದ ಊರಿನ ಸಭೆಯ ಪದ್ಧತಿಯನ್ನು ಪಾಲಿಸಿರಿ ಎಂಬರ್ಥದ ಉತ್ತರ ಬಂತು.

ಓದುಗರೇ, ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಉಪವಾಸದ ದಿನ ಯಾವುದು ಎಂಬುದು ಊರಿನ ರೂಢಿ. ಅದು ನಿಜಕ್ಕೂ ವೇಷದಂಥದ್ದು, ಊರು ಬದಲಾದಾಗ ಬದಲಾದರೆ ದೋಷವಿಲ್ಲ. ಆದರೆ ಸಮಾಧಿಯ ಬಳಿ ಕುಡಿತಕ್ಕೆ ಎಡೆಗೊಡಬಾರದೆಂಬುದರ ಹಿಂದಿನ ಕಾರಣ ಮಿಲಾನಿಗೆ ಮಾತ್ರ ಸೀಮಿತವಲ್ಲ, ಅದು ತಗಾಸ್ತೆಯಲ್ಲಿಯೂ ಸತ್ಯ. ಕಸದ ವಿಷಯದಲ್ಲಿಯೂ ಹೀಗೆಯೇ. ತೊಟ್ಟಿಯ ಬಣ್ಣ ನೀಲಿಯೋ ಹಸಿರೋ ಎಂಬುದು ಆ ಊರಿನ ಪದ್ಧತಿ. ಆದರೆ ನಾನು ಎಸೆದದ್ದನ್ನು ಮುಂದೆ ಇನ್ನೊಬ್ಬ ಮನುಷ್ಯ ಮುಟ್ಟುತ್ತಾನೆ, ಅದು ಇನ್ನೊಂದು ನೆಲವನ್ನು ಸೇರುತ್ತದೆ ಎಂಬ ಕಾರಣ ಎಲ್ಲ ಊರಿಗೂ ಒಂದೇ. ಬಣ್ಣವನ್ನಷ್ಟೇ ಕಲಿತವನು ವೇಷ ಧರಿಸಿದ್ದಾನೆ. ಕಾರಣವನ್ನು ಅರಿತವನಲ್ಲಿ ಸ್ವಭಾವ ಬೇರೂರತೊಡಗಿದೆ.

ಆತಿಥ್ಯ ನೀಡುವವನ ಹೊಣೆ

ಮೋನಿಕಾ ತಾಯಿಯ ಪ್ರಸಂಗದಲ್ಲಿ ಅಗಸ್ಟೀನರು ಇನ್ನೊಂದು ಸೂಕ್ಷ್ಮವನ್ನು ಮುಚ್ಚಿಡದೆ ಹೇಳುತ್ತಾರೆ. ಅಂಬ್ರೋಸರ ಬಗ್ಗೆ ಆಕೆಗೆ ಅಪಾರ ಪ್ರೀತಿಯಿತ್ತು. ಬೇರೊಬ್ಬರು ತಡೆದಿದ್ದರೆ ಆಕೆ ಅಷ್ಟು ಸುಲಭವಾಗಿ ಆ ರೂಢಿಯನ್ನು ಬಿಡುತ್ತಿರಲಿಲ್ಲವೇನೋ ಎಂದು ಮಗನಿಗೆ ಅನ್ನಿಸಿದೆ. ಇದರಿಂದ ತಿಳಿಯುವುದೇನೆಂದರೆ, ನಿಯಮ ಹಗುರವಾಗುವುದು ಅದನ್ನು ಹೇಳುವವರ ಪ್ರೀತಿಯಿಂದ. ಹೊಸಬನ ಕರ್ತವ್ಯವನ್ನು ಹೇಳಿದಷ್ಟೇ ದೃಢವಾಗಿ ಆತಿಥೇಯನ ಕರ್ತವ್ಯವನ್ನೂ ಹೇಳದಿದ್ದರೆ ನಮ್ಮ ಮಾತು ಅರ್ಧ ಸತ್ಯವಾದೀತು.

ಕಟ್ಟಡದ ತೊಟ್ಟಿ ಹದಗೆಟ್ಟಾಗ ಅನುಮಾನ ಮೊದಲು ಬೀಳುವುದು ವಿದೇಶಿಯ ಮೇಲೆ. ತಪ್ಪು ಯಾರದೆಂದು ತೊಟ್ಟಿ ಹೇಳಲಾರದು, ಆದರೆ ಹೆಸರೂ ಚರ್ಮದ ಬಣ್ಣವೂ ಬೇರೆಯಾದವನನ್ನು ಬೆರಳು ತೋರಿಸುವುದು ಸುಲಭ. ಆ ಬೆರಳು ಒಂದು ಸಂಗತಿಯನ್ನು ಮರೆಯುತ್ತದೆ. ಈ ಶಿಸ್ತು ಜರ್ಮನರಿಗೂ ಹುಟ್ಟಿನಿಂದ ಬಂದದ್ದಲ್ಲ. ಪೊಟ್ಟಣ ಮಾಡಿ ಮಾರುವವರೇ ಆ ಪೊಟ್ಟಣದ ಕಸಕ್ಕೂ ಹೊಣೆ ಎಂಬ ಕಟ್ಟಳೆ ಅಲ್ಲಿ ಬಂದದ್ದು 1991ರಲ್ಲಿ. ಹಳದಿ ತೊಟ್ಟಿ ಅದರ ಫಲ. 1961ರ ಒಪ್ಪಂದದಂತೆ ದುಡಿಯಲು ಬಂದ ತುರ್ಕಿ ಕಾರ್ಮಿಕರು ಆ ಹೊತ್ತಿಗೆ ಅಲ್ಲಿ 30 ವರ್ಷ ಕಳೆದಿದ್ದರು. ಕೇರಳದ ದಾದಿಯರೂ ಅಲ್ಲಿಯೇ ಇದ್ದರು. ಅಂದರೆ ಹಳಬರೂ ಹೊಸಬರೂ ಒಂದೇ ದಿನ ಆ ತರಗತಿಗೆ ಸೇರಿದವರು. ಹಸಿ ಕಸವನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂಬುದು ದೇಶಕ್ಕೆಲ್ಲ ಕಡ್ಡಾಯವಾದದ್ದು 2015ರಲ್ಲಿ. ತಾನೂ ಕಲಿತವನೆಂಬ ನೆನಪಿರುವ ಗುರು ಶಿಷ್ಯನನ್ನು ಗದರಿಸುವುದು ಕಡಿಮೆ.

ಈ ನೆನಪನ್ನು ಉಳಿಸಿಕೊಂಡವರೂ ಅಲ್ಲಿ ಇದ್ದಾರೆ. 2015ರ ಸುಮಾರಿಗೆ ಸಿರಿಯಾ ಮೊದಲಾದ ನಾಡುಗಳಿಂದ ಲಕ್ಷಾಂತರ ನಿರಾಶ್ರಿತರು ಬಂದಾಗ, ಅಲ್ಲಿನ ಅನೇಕ ನಗರಾಡಳಿತಗಳು ಅರಬ್ಬಿ ಮೊದಲಾದ ಭಾಷೆಗಳಲ್ಲಿ, ಚಿತ್ರಗಳ ಸಹಿತ ಕರಪತ್ರಗಳನ್ನು ಮಾಡಿ ಹಂಚಿದವು. ಬಾಳೆಹಣ್ಣಿನ ಸಿಪ್ಪೆಯ ಚಿತ್ರ, ಅದರ ಮುಂದೆ ತೊಟ್ಟಿಯ ಚಿತ್ರ. ಅಕ್ಷರ ಬಾರದವನಿಗೂ ಅರ್ಥವಾಗುವ ಮಾತು ಅದು.

ಇನ್ನೊಂದು ಮಾತು. ಚೆನ್ನಾಗಿ ವಿಂಗಡಿಸುವುದೂ ಕಡಿಮೆ ಎಸೆಯುವುದೂ ಒಂದೇ ಅಲ್ಲ. ಜರ್ಮನಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ತಲೆಯೊಂದಕ್ಕೆ ವರ್ಷಕ್ಕೆ 200 ಕಿಲೋಗೂ ಹೆಚ್ಚು ಪೊಟ್ಟಣಗಳ ಕಸವೇ ಹುಟ್ಟುತ್ತಿದೆ. ಅಲ್ಲಿಯ ಪ್ಲಾಸ್ಟಿಕ್ ಕಸದ ಒಂದು ಪಾಲು ಬಹುಕಾಲ ಚೀನಾಕ್ಕೆ ಹೋಗುತ್ತಿತ್ತು. 2018ರಲ್ಲಿ ಚೀನಾ ಬಾಗಿಲು ಮುಚ್ಚಿದ ಮೇಲೆ ಮಲೇಷ್ಯಾ, ತುರ್ಕಿಗಳತ್ತ ತಿರುಗಿತು. ಇತ್ತ ನಮ್ಮ ಅಜ್ಜಿಯಂದಿರ ಮನೆಯಲ್ಲಿ ಹಳೆಯ ಸೀರೆ ಕೌದಿಯಾಗುತ್ತಿತ್ತು, ಮುಸುರೆ ದನಕ್ಕೆ ಹೋಗುತ್ತಿತ್ತು, ಹಳೆಯ ಪತ್ರಿಕೆ ರದ್ದಿಗೆ, ಬಾಟಲಿ ಗುಜರಿಗೆ ಸೇರುತ್ತಿತ್ತು. ಆ ಮನೆಯಿಂದ ಹೋದ ಮೊಮ್ಮಗಳು ಬರಿಗೈಯಲ್ಲಿ ಹೋದವಳಲ್ಲ. ತೊಟ್ಟಿಗಳ ಬಣ್ಣವನ್ನು ಆಕೆ ಅಲ್ಲಿಯವರಿಂದ ಕಲಿಯಲಿ. ಎಸೆಯುವ ಮುನ್ನ ಎರಡು ಸಲ ಯೋಚಿಸುವ ಮಿತವ್ಯಯವನ್ನು ಅವರು ಆಕೆಯಿಂದ ಕಲಿಯಬಹುದು. ಹೊಂದಾಣಿಕೆ ಎಂಬುದು ಒಂದೇ ಕಡೆಗೆ ಹರಿಯುವ ನೀರಲ್ಲ.

ವಿಮಾನ ಇಳಿದ ಮೇಲೆ

ಈಗ ನಾವು ಆರಂಭದ ಪ್ರಶ್ನೆಗೆ ಉತ್ತರ ಹುಡುಕಬೇಕು. ಹೊರನಾಡಿನಲ್ಲಿ ಮೊಸರಿನ ಡಬ್ಬಿಯ ಮುಚ್ಚಳವನ್ನೂ ಬೇರ್ಪಡಿಸಿ ಹಾಕುವವನು ರಜೆಯಲ್ಲಿ ಊರಿಗೆ ಬಂದು, ಕಾರಿನ ಕಿಟಕಿಯಿಂದ ಖಾಲಿ ಬಾಟಲಿಯನ್ನು ರಸ್ತೆಗೆ ಎಸೆಯುವುದನ್ನು ನೀವು ನೋಡಿರಬಹುದು. ಅರಿಸ್ಟಾಟಲನ ಪ್ರಕಾರ ಸದ್ಗುಣವೆಂದರೆ ಸ್ಥಿರವಾದ, ಸುಲಭವಾಗಿ ಕದಲದ ಮನೋಧರ್ಮದಿಂದ ಹೊಮ್ಮುವ ನಡತೆ. ವಿಮಾನ ನಿಲ್ದಾಣದಲ್ಲಿ ಕಳಚಿ ಬೀಳುವುದು ಸದ್ಗುಣವಲ್ಲ, ವೇಷ.

ಆದರೆ ಅವನ ಪರವಾಗಿಯೂ ಒಂದು ಮಾತು ಹೇಳಬೇಕು. ಅಲ್ಲಿ ವಿಂಗಡಿಸಿದ ಕಸ ಬೇರೆಯಾಗಿಯೇ ಸಾಗುತ್ತದೆಂಬ ಭರವಸೆ ಅವನಿಗಿದೆ. ಇಲ್ಲಿ ಮನೆಯಲ್ಲಿ ಬೇರ್ಪಡಿಸಿದ ಹಸಿ, ಒಣ ಕಸಗಳೆರಡೂ ಒಂದೇ ಗಾಡಿಯಲ್ಲಿ ಬೆರೆತು ಹೋಗುವುದನ್ನು ಕಂಡವರು ಕಡಿಮೆಯಿಲ್ಲ. ವ್ಯವಸ್ಥೆ ಕೈಕೊಟ್ಟಲ್ಲಿ ವ್ಯಕ್ತಿಯ ಉತ್ಸಾಹ ಬಾಡುತ್ತದೆ. ನಿಯಮಗಳಿಗೆ ನಮ್ಮಲ್ಲಿಯೂ ಕೊರತೆಯಿಲ್ಲ. 2015ರ ಡಿಸೆಂಬರ್‌ನಲ್ಲಿ ನಮ್ಮ ಉಚ್ಚ ನ್ಯಾಯಾಲಯವು ಬೆಂಗಳೂರಿನ ಮನೆಗಳಿಗೆ ಎರಡು ಡಬ್ಬಿ, ಒಂದು ಚೀಲದ ಕ್ರಮವನ್ನು ಕಡ್ಡಾಯಗೊಳಿಸಿತು. 2016ರ ಕೇಂದ್ರ ಸರ್ಕಾರದ ನಿಯಮಗಳು ಕಸವನ್ನು ಮನೆಯಲ್ಲಿಯೇ ವಿಂಗಡಿಸಬೇಕೆಂದವು. ನಿಯಮದ ಹಿಂದಿನ ಕಾರಣ ಮಾತ್ರ ನಮ್ಮ ಮನಸ್ಸಿಗೆ ಇನ್ನೂ ಇಳಿಯಬೇಕಾಗಿದೆ.

ಏಕೆ ಇಳಿದಿಲ್ಲ? ನಮ್ಮ ನಾಡಿನಲ್ಲಿ ಕಸವು ಶತಮಾನಗಳಿಂದ ಇನ್ನೊಬ್ಬರ ಕೆಲಸವಾಗಿದೆ, ಆ ಇನ್ನೊಬ್ಬರು ಯಾರೆಂಬುದನ್ನು ಹುಟ್ಟು ನಿರ್ಧರಿಸಿದೆ. ಇಂದಿಗೂ ನಮ್ಮ ಪೌರಕಾರ್ಮಿಕರಲ್ಲಿ ಬಹುಪಾಲು ದಲಿತ ಸಮುದಾಯದವರು, ಅವರಲ್ಲಿ ಮಹಿಳೆಯರೇ ಅನೇಕರು. ಬಾಗಿಲ ಹೊರಗಿಟ್ಟದ್ದು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತದೆ, ಅದನ್ನು ಎತ್ತಿದ ಕೈಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹೊರನಾಡಿನಲ್ಲಿ ಎಂಜಿನಿಯರನೂ ವೈದ್ಯನೂ ತನ್ನ ಮನೆಯ ಕಸವನ್ನು ತಾನೇ ಹೊತ್ತು ಮೆಟ್ಟಿಲಿಳಿಯುತ್ತಾನೆ, ಮುಚ್ಚಳ ತೆರೆಯುತ್ತಾನೆ, ವಾಸನೆಯನ್ನು ತಾನೇ ಸಹಿಸುತ್ತಾನೆ. ವಲಸೆ ಕಲಿಸುವ ಅತಿ ದೊಡ್ಡ ಪಾಠ ಇದೇ ಎಂದು ನನ್ನ ಎಣಿಕೆ. ತನ್ನ ಕಸವನ್ನು ತಾನೇ ಹೊತ್ತವನಿಗೆ, ಇತರರ ಕಸವನ್ನು ಬಾಳಿಡೀ ಹೊತ್ತವರ ಬಗ್ಗೆ ಮೊದಲಿನಂತೆ ಇರಲು ಸಾಧ್ಯವಾಗಬಾರದು.

ಕಸವನ್ನು ಕೈ ಬಿಟ್ಟ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ. ಬೆಂಗಳೂರಿನ ಕಸ ಮಂಡೂರಿನ ಜನರ ಉಸಿರನ್ನು ಕೆಡಿಸಿತು. ಅವರು ಬೀದಿಗಿಳಿದು ಹೋರಾಡಿದ ಮೇಲೆ, 2014ರ ಕೊನೆಯಲ್ಲಿ, ಅಲ್ಲಿ ಕಸ ಸುರಿಯುವುದು ನಿಂತಿತು. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜರಿದು ಕೆಳಗಿನ ಮಂದಾರದ ಮನೆಗಳತ್ತ, ಅಡಿಕೆ ತೋಟಗಳ ಮೇಲೆ ಹರಿಯಿತು. ಆ ರಾಶಿಯಲ್ಲಿ ಯಾರ ಮನೆಯ ಕಸ ಇರಲಿಲ್ಲ? ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಎಸೆಯುವ ಸಂಸ್ಕೃತಿಯನ್ನು ಖಂಡಿಸುತ್ತ, ಕಸ ವಿಂಗಡಿಸುವಂಥ ಸಣ್ಣ ದಿನನಿತ್ಯದ ಕೆಲಸಗಳನ್ನೂ ಹೆಸರಿಸಿ ಎತ್ತಿ ಹಿಡಿದರು. ವಸ್ತುಗಳನ್ನು ಎಸೆಯುವ ಮನಸ್ಸೇ ಮನುಷ್ಯರನ್ನೂ ಎಸೆಯುತ್ತದೆ ಎಂಬ ಎಚ್ಚರ ಅವರದಾಗಿತ್ತು.

ಆದುದರಿಂದ, ಪ್ರಿಯ ಓದುಗರೇ, ಹೊರನಾಡಿನಿಂದ ಮಕ್ಕಳು ಫೋನ್ ಮಾಡಿ ಅಲ್ಲಿಯ ತೊಟ್ಟಿಗಳ ಕಟ್ಟಳೆಯನ್ನು ಗೊಣಗುತ್ತ ವರ್ಣಿಸಿದಾಗ ನಕ್ಕು ಸುಮ್ಮನಾಗಬೇಡಿ. ಆ ಕಟ್ಟಳೆ ಏಕೆಂದು ಅವರನ್ನು ಕೇಳಿರಿ. ಕಾರಣವನ್ನು ಅವರ ಬಾಯಿಂದಲೇ ಹೇಳಿಸಿರಿ. ಅವರು ಊರಿಗೆ ಬಂದಾಗ ನಿಮ್ಮ ಅಡುಗೆಕೋಣೆಯಲ್ಲಿ ಎರಡು ಡಬ್ಬಿಗಳಿರಲಿ. ಬೆಳಿಗ್ಗೆ ಗಾಡಿಯೊಡನೆ ಬರುವ ತಾಯಿಯ ಹೆಸರು ನಿಮಗೆ ಗೊತ್ತಿರಲಿ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ, ಆಕೆಗೆ ಬೇರೆಯಾಗಿ ತೋರಿಸಿ ಕೊಡಿ. ಆಕೆಯ ಬೆರಳು ಕೊಯ್ಯದಿರಲಿ ಎಂಬ ಆ ಒಂದು ಎಚ್ಚರಿಕೆಯಲ್ಲಿ ನಾನು ಇಷ್ಟು ಹೊತ್ತು ಹೇಳಿದ್ದೆಲ್ಲವೂ ಅಡಗಿದೆ. ಅದಕ್ಕೆ ಯಾವ ದೇಶದ ವೇಷವೂ ಬೇಕಾಗಿಲ್ಲ.